ಮೂರು ದಿನದ ಏಕಾದಶಿ

ಮದುವೆಯಾದ ಎಂಟು ವರ್ಷಗಳಿಂದ ನನ್ನ ಅತ್ತೆ ಗೋದಾಬಾಯಿಯವರ ಲೆಕ್ಕದಲ್ಲಿ ಸಾಫ್ಟ್‌ವೇರ್ ಕೆಲಸದ ನಾನು ಬರೀ 'ಗುಂಡಿ ಒತ್ತೋ ಅಳಿಯ' ಆಗಿದ್ದೆ. (ಲಿಫ್ಟಿನವನೂ ಅದನ್ನೇ ಮಾಡುತ್ತಾನೆಂದು ಧಾರವಾಡದ ಬೀಗರೆಲ್ಲರ ಎದುರು ಹೇಳಿದ್ದರು.) ಹೀಗಾಗಿ ೨೦೦೬ರಲ್ಲಿ ಅವರು ಪುಣೆಗೆ ಬಂದಾಗ ಈ ಪ್ರಲ್ಹಾದನ ಪಾಂಡಿತ್ಯ ಎಂಥದ್ದೆಂದು ತೋರಿಸಿಯೇ ಬಿಡಬೇಕೆಂದು ಹಟ ತೊಟ್ಟೆ.

ಆಗ ವಿಮಾನ ನಗರದ ನಮ್ಮ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅಜಾಕ್ಸ್ ಎಂಬ ಹೊಸ ವೆಬ್ ತಂತ್ರದ್ದೇ ಮಾತು. ಪುಟ ಕೂತಲ್ಲೇ ಕೂತಿರುತ್ತದೆ. ಒಳಗಿನ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್ ಸದ್ದಿಲ್ಲದೆ ಓಡಿ ಬೇರೆ ಪುಟದ ಮಾಹಿತಿ ತಂದು ಅದರಲ್ಲಿ ಸುರಿಯುತ್ತದೆ. (ನಮ್ಮ ಮನೆಯಲ್ಲಿ ಹೆಂಡತಿ ಇಂದೂ ಕೂತಿರುತ್ತಾಳೆ, ನಾನು ಓಡುತ್ತೇನೆ.) ಪಂಚಾಂಗದ ಪುಟದಿಂದ ದಿನವೂ ತಿಥಿ ತಂದು ತೋರಿಸುವ ಇಂಥದೊಂದು ಪುಟವನ್ನು ಮನೆಯ ಕಂಪ್ಯೂಟರಿನಲ್ಲಿ ಕಟ್ಟಿದೆ.

ಮೊದಲ ದಿನ 'ಇಂದು ಏಕಾದಶಿ' ಎಂದು ಬಂತು. "ಅಳಿಯಂದ್ರು ಭಾಳ ಶಾಣ್ಯಾರ!" ಎಂದರು ಅತ್ತೆ. ಆ ಸಂತೋಷದಲ್ಲಿ ನನಗೆ ಉಪವಾಸವೇ ತಿಳಿಯಲಿಲ್ಲ.

ಎರಡನೆಯ ದಿನವೂ 'ಇಂದು ಏಕಾದಶಿ'.

"ಇವತ್ತೂ ಏಕಾದಶಿ ಏನ್ರಿ?" ಎಂದರು ಅತ್ತೆ.

ತಪ್ಪು ಒಪ್ಪಿದರೆ ಸಿಕ್ಕ ಮರ್ಯಾದೆ ಒಂದೇ ದಿನಕ್ಕೆ ಹೋಗುತ್ತದೆ. "ಅತಿರಿಕ್ತ ಉಪವಾಸರೀ. ಒಮ್ಮೊಮ್ಮೆ ಎರಡು ದಿನ ಬರ್ತದಲ್ಲ? ಯಂತ್ರ ಸುಳ್ಳು ಹೇಳಂಗಿಲ್ಲ," ಎಂದುಬಿಟ್ಟೆ.

"ಹಂಗಾದ್ರ ಡಬ್ಬಿ ಕಟ್ಟಂಗಿಲ್ಲರೀ," ಎಂದಳು ಇಂದೂ. ಹೊರಗೆ ತಿನ್ನೋಣವೆಂದರೆ ಕೆಳಮನೆಯ ಓಂಕಾರ್ ನನ್ನ ಆಫೀಸಿನವನೇ. ನಾನು ವಡಾಪಾವ್ ಕಡೆ ಕಣ್ಣೆತ್ತಿದರೂ ಸಂಜೆಯೊಳಗೆ ವರದಿ ಮನೆ ಸೇರುತ್ತದೆ.

ಮೂರನೆಯ ದಿನವೂ ಏಕಾದಶಿ! ಇದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲ. "ಪುಣೆದಾಗ ಸೂರ್ಯೋದಯದ ಲೆಕ್ಕ ಬ್ಯಾರೆ ಅದರೀ," ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ.

ಆಫೀಸಿನಲ್ಲಿ ತಲೆ ಕೆರೆದಾಗ ಗುಟ್ಟು ಬಯಲಾಯಿತು. ಬ್ರೌಸರ್ ಎಂಬ ಮೈಗಳ್ಳ ಹೊಸ ತಿಥಿ ತರಲು ಹೋಗುತ್ತಲೇ ಇರಲಿಲ್ಲ. ಮೊದಲ ದಿನ ತಂದದ್ದನ್ನೇ ಎತ್ತಿಟ್ಟುಕೊಂಡು ದಿನವೂ ಆ ತಂಗಳನ್ನೇ ಬಡಿಸುತ್ತಿತ್ತು. ಪಂಚಾಂಗದ ಪುಟದ ವಿಳಾಸದ ಕೊನೆಗೆ ಪ್ರತಿ ಸಲ ಹೊಸ ಅಂಕಿ ಸೇರಿಸಿದರೆ, ಹೊಸ ಪುಟವೆಂದು ನಂಬಿ ತರಲು ಹೋಗುತ್ತದೆ, ಸರಿಹೋಗುತ್ತದೆ. ಅರ್ಧ ದಿನ ರಜೆ ಹಾಕಿ, ರಿಕ್ಷಾ ಹಿಡಿದು ಮನೆಗೆ ಓಡಿದೆ.

ಬಾಗಿಲು ತೆರೆದರೆ ತಾಯಿ ಮಗಳು ಎಣ್ಣೆಗಾಯಿ, ಬಿಸಿ ಚಪಾತಿ ಉಣ್ಣುತ್ತ ಕೂತಿದ್ದಾರೆ!

"ಏಕಾದಶಿ ದಿನ ಇದೇನಿದು?" ಎಂದೆ.

"ಏಕಾದಶಿ ಮೊನ್ನೇನ ಮುಗೀತ್ರಿ," ಎಂದರು ಅತ್ತೆ. "ನಿನ್ನೆ ಮುಂಜಾನೆ ಆರಕ್ಕ ಪಾರಣಿ ಮಾಡಿ ಉಂಡ್ವಿ, ನೀವು ಗೊರಕಿ ಹೊಡೀತಿದ್ರಿ. ಐವತ್ತು ವರ್ಷ ಉಪವಾಸ ಮಾಡಿದಾಕಿಗೆ ಆ ಪೆಟ್ಟಿಗಿ ತಿಥಿ ಹೇಳಬೇಕೇನು?"

"ಮತ್ತ ನನಗ್ಯಾಕ ಹೇಳಲಿಲ್ಲ?"

"ಏನೋ ಹರಕಿ ಹೊತ್ತಾರ, ಬಾಯಿಬಿಟ್ಟು ಹೇಳಲಿಕ್ಕೆ ನಾಚತಾರ ಅಂತ ತಿಳಕೊಂಡ್ವಿ." ಅತ್ತೆಯ ಕಣ್ಣು ಒದ್ದೆಯಾಗಿತ್ತು. "ಧಾರವಾಡಕ್ಕ ಫೋನ್ ಮಾಡಿ ಎಲ್ಲಾರಿಗೂ ಹೇಳೀನಿ. ಎಂಟು ವರ್ಷದಾಗ ನಿಮ್ಮ ಬಗ್ಗೆ ಹೇಳಲಿಕ್ಕೆ ಇದೊಂದು ಛಲೋ ಮಾತು ಸಿಕ್ತು."

ನಾನು ಅತ್ತೆಯ ಮುಖ ನೋಡಿದೆ. ಎಣ್ಣೆಗಾಯಿಯ ಮುಖವನ್ನೂ ನೋಡಿದೆ.

"ಹರಕಿ ಗಿರಕಿ ಏನಿಲ್ಲರೀ! ನನಗ ಪ್ರೋಗ್ರಾಮ್ ಬರೀಲಿಕ್ಕೇ ಬರಂಗಿಲ್ಲ!" ಎಂದು ಕೂಗಿ, ತಟ್ಟೆ ಹಿಡಿದು ಕೂತೇಬಿಟ್ಟೆ.

ಇಂದೂ ಪಾತ್ರೆ ಎತ್ತಿ ಬಗ್ಗಿಸಿ ತೋರಿಸಿದಳು. "ಮೊದಲ ಹೇಳಬಾರದಿತ್ತೇನ್ರಿ? ಇಬ್ಬರಿಗಷ್ಟ ಮಾಡಿದ್ದೆ."