ಖಾನಾಪುರದಲ್ಲಿ ಅಚ್ಚಾದ ಪದವಿಗಳು

ನಾನು ಧಾರವಾಡದಲ್ಲಿ ಎರಡು ವರ್ಷ ಒದ್ದಾಡಿ ಪಡೆದ ಎಂ.ಎ.ಯನ್ನು ಖಾನಾಪುರದ ನಮ್ಮ ಸೋದರಮಾವ ಎರಡು ನಿಮಿಷದಲ್ಲಿ ಕೊಡುತ್ತಿದ್ದರು. ಹಾಜರಿ ಬೇಡ, ಪರೀಕ್ಷೆ ಬೇಡ. ಮನೆಯಲ್ಲೊಂದು ಮದುವೆ ಇದ್ದರೆ ಸಾಕು.

ಅವರದು ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್. ಎಪ್ಪತ್ತರ ದಶಕದ ಕೊನೆಯ ಮಾತು. ಪತ್ರಿಕೆಯಲ್ಲಿ ಹೆಸರಿನ ಮುಂದೆ ಪದವಿ ಹಾಕಿಸುವ ಹುಚ್ಚು ಆಗ ಎಲ್ಲರಿಗೂ ಇತ್ತು. ಪದವಿ ಇಲ್ಲದವರ ಹೆಸರು ಬೋಳಾಗಿ ಕಾಣುತ್ತದೆಂದು ಮಾಮಾ ತಾವೇ ಒಂದೊಂದು ದಯಪಾಲಿಸುತ್ತಿದ್ದರು. ಪೀರನವಾಡಿಯ ರೈತನೊಬ್ಬನಿಗೆ ಎಲ್‌ಎಲ್.ಬಿ. ಕೊಟ್ಟದ್ದು ಕಂಡು ಗಾಬರಿಯಾದೆ.

“ಹೊಲದ ಬಾಂದಿನ ಸಲುವಾಗಿ ಹದಿನೆಂಟು ವರ್ಷ ಕೋರ್ಟಿಗೆ ಅಡ್ಡಾಡ್ಯಾನ. ಮತ್ತೇನ್ ಕೊಡ್ಲಿ ಅವಗ?”

ನಮ್ಮ ನಂಟರ ಪತ್ರಿಕೆಯೊಂದರಲ್ಲಿ ನನ್ನ ಹೆಸರಿನ ಮುಂದೆ ಮಾತ್ರ ಬರೀ ಬಿ.ಎ. ಇತ್ತು.

“ನನ್ನ ಎಂ.ಎ. ಎಲ್ಲಿ ಮಾಮಾ?”

“ನಿನ್ನ ಮಾತ ಕೇಳಿದ್ರ ಅಷ್ಟ ಓದ್ಯಾನ ಅನಸೂದಿಲ್ಲೋ.”

ಈ ವಿಶ್ವವಿದ್ಯಾಲಯಕ್ಕೆ ಕುತ್ತು ಬಂದದ್ದು ನನ್ನ ತಂಗಿಯ ಮದುವೆಯಲ್ಲಿ. ಬೀಗರು ಟಿಳಕವಾಡಿಯ ವಕೀಲರು. ಹುಡುಗಿ ಬಿ.ಎ. ಕೊನೆಯ ವರ್ಷ ಇಂಗ್ಲಿಷಿನಲ್ಲಿ ಫೇಲು ಎಂದು ಅವರಿಗೆ ಮೊದಲೇ ಹೇಳಿದ್ದೆ. ಹೇಳಿದ್ದೆನೆಂದು ನೆನಪು, ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ಅವರಿಗೆ ತಲುಪಿದ ಮೊದಲ ಪತ್ರಿಕೆಯಲ್ಲಿ ವಧು ‘ಬಿ.ಎ.’ ಆಗಿಬಿಟ್ಟಿದ್ದಳು! ಉಳಿದವನ್ನು ಒಯ್ಯಲು ನಾನು, ತಂಗಿ ಪ್ರೆಸ್ಸಿಗೆ ಹೋದಾಗ ವಕೀಲರು ಅಲ್ಲಿ ನಿಂತಿದ್ದರು.

“ಪದವಿ ಕೊಡೂ ಹಕ್ಕು ವಿಶ್ವವಿದ್ಯಾಲಯಕ್ಕಷ್ಟ ಐತ್ರಿ. ಹಿಂಗ ಕೊಟ್ರ ಕಾಯ್ದೆ ಪ್ರಕಾರ ದಂಡ ಬೀಳತೈತಿ.”

“ನಾ ಎಲ್ಲಿ ಕೊಟ್ಟೇನ್ರಿ? ಬರೇ ಅಚ್ಚು ಹಾಕೇನಿ.”

“ಚ್ಯಾಷ್ಟಿ ಬ್ಯಾಡ್ರಿ. ಸುಳ್ಳ ಹೇಳಿ ಸೊಸಿನ್ನ ತಂದ್ರು ಅಂತ ನಾಳೆ ಕೋರ್ಟಿನ್ಯಾಗ ನನ್ನ ನೋಡಿ ನಗತಾರ. ಬಿ.ಎ. ತಗೀರಿ, ಇಲ್ಲಾ ಲಗ್ನ ನಿಂದರತೈತಿ.”

ತಂಗಿ ಮುಖ ತಗ್ಗಿಸಿದಳು. ಮಾಮಾ ಇನ್ನೊಂದು ಚಟಾಕಿ ಹಾರಿಸುತ್ತಾರೆಂದು ಕಾದೆ. ಅವರು ಶಾಯಿಯ ಕೈ ಒರೆಸಿಕೊಂಡರು.

“ಆಕಿ ಫೇಲ್ ಆಗಿಲ್ರಿ ವಕೀಲಸಾಹೇಬ್ರ, ಇಂಗ್ಲಿಷ್ ಪರೀಕ್ಷಾಕ್ಕ ಹೋಗಿಲ್ಲ. ಆವತ್ತ ನನ್ನ ಹೆಂಡತಿ ದವಾಖಾನ್ಯಾಗ ಕಡೀ ಉಸರಾ ಎಳ್ಯಾಕತ್ತಿದ್ಳು. ಒಳಗ ಹೋಗೂ ಧೈರ್ಯ ನನಗ ಆಗಲಿಲ್ಲ. ಕೈ ಹಿಡಕೊಂಡು ಕುಂತಾಕಿ ಈಕಿ. ವಿಶ್ವವಿದ್ಯಾಲಯಕ್ಕ ಅದು ಗೊತ್ತಿಲ್ಲ. ನನಗ ಗೊತ್ತೈತಿ.”

ಇಂಗ್ಲಿಷಿನಲ್ಲಿ ಫೇಲಾದಳೆಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲವೇನೋ. ಅತ್ತೆ ತೀರಿಕೊಂಡದ್ದು ಗೊತ್ತಿತ್ತು; ತಂಗಿಯ ಪರೀಕ್ಷೆಯೂ ಅಂದೇ ಎಂಬುದನ್ನು ಎಂದೂ ಕೂಡಿಸಿ ನೋಡಿರಲಿಲ್ಲ. ಆ ದಿನ ನಾನು ಧಾರವಾಡದಲ್ಲಿ ನನ್ನ ಪರೀಕ್ಷೆ ಬರೆಯುತ್ತಿದ್ದೆ.

ವಕೀಲರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟರು. “ಆದ್ರೂ ಕಾಯ್ದೆ ಕಾಯ್ದೆನ ರೀ,” ಎಂದರು, ಈ ಸಲ ಮೆತ್ತಗೆ.

ಮಾಮಾ ಚಿಮಟ ಹಿಡಿದರು. ಮೊದಲ ಅಕ್ಷರದಿಂದ ಅದು ಎರಡು ಸಲ ಜಾರಿತು. “ಇಲ್ಲಿ ಕೊಡ್ರಿ ಮಾಮಾ,” ಎಂದು ತಂಗಿಯೇ ತನ್ನ ಹೆಸರಿನ ಮುಂದಿನ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಎತ್ತಿಟ್ಟಳು.

ಹೊಸ ಪ್ರತಿ ಹೊರಬಂತು. ಎಲ್ಲ ಸಾಲುಗಳೂ ನಟ್ಟನಡುವೆ ನಿಂತಿದ್ದವು. ವಧುವಿನ ಹೆಸರು ಮಾತ್ರ ಎಡಕ್ಕೆ ಸರಿದಿತ್ತು. ಅದರ ಬಲಕ್ಕೆ ಎರಡಕ್ಷರ ಹಿಡಿಯುವಷ್ಟು ಬಿಳಿ.

“ಇದ್ಯಾಕ ಹಿಂಗ ಬಿಟ್ಟೀರಿ?”

“ಖಾಲಿ ಜಾಗಕ್ಕ ದಂಡ ಐತೇನ್ರಿ?”

ವಕೀಲರು ತಂಗಿಯ ಕಡೆ ನೋಡಿದರು.

“ಇಲ್ರಿ,” ಅಂದರು. “ಬರೂ ವರ್ಷ ನಮ್ಮ ಮನಿಯಿಂದ ಹೋಗಿ ಪರೀಕ್ಷಾ ಬರೀಲಿ.”