ಉಸ್ತಾನ ಸಹಿ

ಯೋರ್ಮತ್ ಉಸ್ತಾ ತೀರಿಕೊಂಡದ್ದು ಶೋಮುರೋದನಿಗೆ ತಿಳಿದದ್ದು ಅವರ ಬಾಗಿಲಲ್ಲೇ. ಒಂದು ಕೈಯಲ್ಲಿ ಎರಡು ಬಿಸಿ ರೊಟ್ಟಿ, ಇನ್ನೊಂದರಲ್ಲಿ ಸರ್ಕಾರದ ಅರ್ಜಿ ಹಿಡಿದು ಬೆಳಗ್ಗೆಯೇ ಹೊರಟಿದ್ದ. ಓಣಿ ತಿರುಗಿದರೆ, ಉಸ್ತಾನ ಅಳಿಯಂದಿರು ಸಾವಿನ ಮನೆಯ ಗಂಡಸರ ಪದ್ಧತಿಯಂತೆ ನಿಲುವಂಗಿಯ ಮೇಲೆ ನಡುಪಟ್ಟಿ ಬಿಗಿದು ಕೋಲೂರಿ ನಿಂತಿದ್ದರು. ಯಾರೂ ಏನೂ ಹೇಳಬೇಕಾಗಲಿಲ್ಲ. ರೊಟ್ಟಿ ಕೈಯಲ್ಲೇ ತಣ್ಣಗಾಯಿತು.

ಕತ್ತಾಕುರ್ಗಾನ್ ಊರಿನಲ್ಲಿ ರೊಟ್ಟಿಯ ಒಲೆ ಕಟ್ಟುವುದರಲ್ಲಿ ಯೋರ್ಮತ್ ಉಸ್ತಾನಿಗೆ ಸಮನಿರಲಿಲ್ಲ. ಶೋಮುರೋದ್ ಇಪ್ಪತ್ತಾರು ವರ್ಷ ಅವರ ಅಂಗಳದಲ್ಲಿ ಜೇಡಿಮಣ್ಣಿಗೆ ಕುರಿಯುಣ್ಣೆ ಬೆರೆಸಿ ತುಳಿದವನು. ನಮ್ಮಲ್ಲಿ ಶಿಷ್ಯ ಎಷ್ಟೇ ಕಲಿತಿರಲಿ, ಗುರುವಾದ ಉಸ್ತಾ ಊರ ಹಿರಿಯರೆದುರು ಅಂಗೈ ಎತ್ತಿ ಹರಸಿ ದುವಾ ಕೊಡುವವರೆಗೆ ತನ್ನ ಹೆಸರಿನಲ್ಲಿ ಒಂದು ಒಲೆಯನ್ನೂ ಕಟ್ಟುವಂತಿಲ್ಲ. ಕೇಳಿದಾಗಲೆಲ್ಲ ಉಸ್ತಾ ಗಡ್ಡ ಸವರಿ, "ಬರೋ ವಸಂತಕ್ಕೆ ನೋಡೋಣ," ಎನ್ನುತ್ತಿದ್ದರು. ವಸಂತಗಳು ಬರೀ ಬೆಲೆ ಕೇಳಿ ಹೋಗುವ ಗಿರಾಕಿಗಳಂತೆ ಹಾದುಹೋದವು.

ಅಷ್ಟರಲ್ಲಿ ಹೊಸ ಕಾನೂನು ಬಂತು. ದುಡಿಯುತ್ತಲೇ ಕಲಿತವರು ಗುರುವಿನ ಸಹಿಯೊಡನೆ ತರಬೇತಿ ಕೇಂದ್ರಕ್ಕೆ ಹೋದರೆ ಒಂದೇ ದಿನದಲ್ಲಿ ಪ್ರಮಾಣಪತ್ರ. ಅದಿಲ್ಲದವರಿಗೆ ಪೇಟೆಯಲ್ಲಿ ಜಾಗವಿಲ್ಲ. ಉಸ್ತಾ ತೀರಿಕೊಂಡ ದಿನವೇ ಅರ್ಜಿಗೆ ಕೊನೆಯ ದಿನ. ಸಹಿ ಕೇಳುವ ನೆಪದಲ್ಲಿ ದುವಾವನ್ನೂ ಕೇಳಬೇಕೆಂದು ಅವನು ಕಾಣಿಕೆಗೆ ರೊಟ್ಟಿ ತಂದಿದ್ದ.

ಉಸ್ತಾನ ಹೆಂಡತಿ ಒಯ್ಸುಲುವಮ್ಮ ಒಂದು ನಡುಪಟ್ಟಿ ತಂದು, "ಗಂಡುಮಗ ಇಲ್ಲದ ಮನೆ. ನೀನೇ ಕಟ್ಕೊಳಪ್ಪಾ," ಎಂದರು.

ಪಕ್ಕದ ಮನೆಯ ಹೈತ್‌ಬಾಯ್ ಅರ್ಜಿಯನ್ನು ಕಸಿದು ಓದಿದ. "ಲೋ, ಇವತ್ತೇ ಕೊನೇ ದಿನ! ಜನಾಜಾ ಹೊರಡೋದು ಇಳಿಹೊತ್ತಿನ ನಮಾಜಿಗೆ. ಓಡು, ಓಡು! ಸಹಿಗೆ ಅಲ್ಲೇ ಏನಾದ್ರೂ ದಾರಿ ಕೇಳು. ಉಸ್ತಾ ಇದ್ದಿದ್ರೂ ಹೀಗೇ ಬೈತಿದ್ರು."

ಕೇಂದ್ರದಲ್ಲಿ ಉದ್ದ ಸಾಲು. ಅವನ ನಡುಪಟ್ಟಿ ಕಂಡವರೆಲ್ಲ ಪದ್ಧತಿಯಂತೆ ತಡೆದು ನಿಲ್ಲಿಸಿ, ಅಂಗೈ ಎತ್ತಿ ಪ್ರಾರ್ಥಿಸಿದರು. ಹದಿನೆಂಟು ಪ್ರಾರ್ಥನೆಗಳಾದ ಮೇಲೆ ಮೇಜು ಸಿಕ್ಕಿತು.

"ಗುರುಗಳ ಸಹಿ?" ಗುಮಾಸ್ತೆ ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ.

"ಇವತ್ತು ಬೆಳಗ್ಗೆ ಹೋದ್ರು, ತಾಯಿ."

"ಎಷ್ಟೊತ್ತಿಗೆ ಬರ್ತಾರೆ?"

"ತೀರ್ಕೊಂಡ್ರಮ್ಮಾ!" ಎಂದಿತು ಇಡೀ ಸಾಲು.

ಅವಳು ಗಾಬರಿಯಿಂದ ಎದ್ದು ತಾನೂ ಪ್ರಾರ್ಥಿಸಿದಳು. "ಗುರುಗಳ ಹೆಸರು ಹೇಳಿ ಅಣ್ಣ. ಉಸ್ತಾ ಅಂತ ದಾಖಲಾಗಿದ್ರೆ ಅಷ್ಟೇ ಸಾಕು." ಹೆಸರು ಒತ್ತಿದವಳು ಪರದೆಯತ್ತ ಬಾಗಿದಳು. "ಇವರು ಹೋದ ವಾರ ಬಂದಿದ್ರು. ನಿಮಗೋಸ್ಕರವೇ. 'ನನ್ನ ಹುಡುಗ ನನಗಿಂತ ಚೆನ್ನಾಗಿ ಕಟ್ತಾನೆ, ಅವನಿಗೆ ಸಹಿ ಹಾಕ್ಬೇಕು, ಮೊದಲು ನನ್ನನ್ನ ಉಸ್ತಾ ಅಂತ ಬರ್ಕೊಳಿ' ಅಂದ್ರು."

ಶೋಮುರೋದ್ ಅರ್ಜಿಯನ್ನು ಮೇಜಿನ ಮೇಲಿಟ್ಟು ಅವಳತ್ತ ಸರಿಸಿದ.

"ಆದ್ರೆ 'ನಿಮ್ಮ ಗುರು ನಿಮಗೆ ಯಾವ ವರ್ಷ ದುವಾ ಕೊಟ್ರು' ಅಂತ ಅವರನ್ನ ಕೇಳಿದಾಗ, 'ಕೊಟ್ಟಿಲ್ಲ, ಕೊಡೋ ಮೊದ್ಲೇ ಸತ್ತುಹೋದ್ರು' ಅಂದ್ರು. ಯಾವುದಾದ್ರೂ ವರ್ಷ ಹೇಳಿ ತಾತ ಅಂತ ಗೋಗರೆದೆ. ಸುಳ್ಳು ಹೇಳೋಕೆ ಒಪ್ಪಲಿಲ್ಲ. ಕಲಿಯೋರ ಪಟ್ಟಿಗೆ ಹಾಕ್ಬೇಕಾಯ್ತು. ಕಲಿಯೋರ ಸಹಿ ನಡೆಯಲ್ಲ, ಅಣ್ಣ."

ತನಗೇ ಸಿಗದ್ದನ್ನು ಆ ಮನುಷ್ಯ ಹೇಗೆ ಕೊಟ್ಟಾರು? ಇಪ್ಪತ್ತಾರು ವಸಂತಗಳ ಲೆಕ್ಕ ಆಗ ಹೊಂದಿತು.

"ಹಾಗಾದ್ರೆ ನಾನೇನು ಮಾಡ್ಲಿ?"

"ಆರು ತಿಂಗಳ ತರಗತಿಗೆ ಸೇರಿ. ಅಂಗಳದಲ್ಲಿ ಮಾದರಿ ಒಲೆ ಇದೆ, ನೋಡಿ ಕಲೀಬಹುದು."

ಕಿಟಕಿಯಾಚೆ ನೋಡಿದ. ಮೂರು ವರ್ಷದ ಹಿಂದೆ ಉಸ್ತಾನ ಹೆಸರಿನಲ್ಲಿ ತಾನೇ ಕಟ್ಟಿದ ಒಲೆ. ಬಾಯಿಯ ಅಂಚಿನಲ್ಲಿ ತನ್ನವೇ ನಾಲ್ಕು ಬೆರಳುಗಳ ಗುರುತು.

"ಕಲಿಸೋರು ಯಾರು?"

"ಯಾರೂ ಸಿಕ್ಕಿಲ್ಲ. ಪ್ರಮಾಣಪತ್ರ ಇರೋ ಉಸ್ತಾನೇ ಆಗ್ಬೇಕಲ್ಲ!"

ಇಳಿಹೊತ್ತಿಗೆ ಅವನು ಉಸ್ತಾನಿಗೆ ಹೆಗಲು ಕೊಟ್ಟ. ಮಣ್ಣು ಕೊಟ್ಟಾದ ಮೇಲೆ ಹೈತ್‌ಬಾಯ್ ಮೊಣಕೈಯಿಂದ ತಿವಿದು, "ಏನಾಯ್ತೋ?" ಎಂದು ಪಿಸುಗುಟ್ಟಿದ.

"ಶಾಲೆಗೆ ಸೇರಿಸ್ಕೊಂಡ್ರು," ಎಂದು ಶೋಮುರೋದ್ ಮಣ್ಣು ಮೆತ್ತಿದ ಅಂಗೈಗಳನ್ನು ಎತ್ತಿದ.

ಅಲ್ಲಾಹನೇ, ಈ ಸತ್ಯವಂತನನ್ನು ಕ್ಷಮಿಸು. ಅವನ ಗೋರಿಯನ್ನು ಬೆಳಗು. ಅವನನ್ನು ಅವನ ಉಸ್ತಾನ ಬಳಿ ಕೂರಿಸು. ಇಲ್ಲಿ ಸಿಗದ ದುವಾ ಅವನಿಗೆ ಅಲ್ಲಿ ಸಿಗಲಿ, ಅವನ ಜೀವ ತಣ್ಣಗಿರಲಿ. ಆಮೀನ್.