ಷೇರು ರೂಮು

ಕ್ಷೌರದಂಗಡಿಗೆ ಹೋದವರು ಅಲ್ಲಿನ ಪೇಪರಿನಲ್ಲಿ ಸಿನಿಮಾ ಪುಟ ನೋಡುತ್ತಾರೆ, ಅಪಘಾತದ ಸುದ್ದಿ ಓದಿ ‘ಅಯ್ಯೋ ಪಾಪ’ ಅನ್ನುತ್ತಾರೆ, ಮಡಿಸಿಡುತ್ತಾರೆ. ರೇಷ್ಮೆ ಇಲಾಖೆಯ ಗುಮಾಸ್ತ ಚಿತ್ರಲಿಂಗಪ್ಪ ಹಾಗಲ್ಲ. ಮೂರು ವರ್ಷದಿಂದ ಅವನು ಓದುತ್ತಿದ್ದುದು ಷೇರು ಪುಟದ ಒಂದೇ ಒಂದು ಸಾಲು. ಇರುವೆ ಹರಿದಂತಿರುವ ಆ ಅಕ್ಷರಗಳ ನಡುವೆ ‘ಭೂಮಿಪರ್ಣ ಪ್ಯಾಕೇಜಿಂಗ್’ ಎಂಬ ಹೆಸರನ್ನು ಹುಡುಕುವುದು, ಪಕ್ಕದ ಅಂಕಿ ನೋಡುವುದು, ನಿಟ್ಟುಸಿರು ಬಿಡುವುದು. ಹತ್ತು ರೂಪಾಯಿಗೆ ಕೊಂಡ ಷೇರು ಮೂರು ರೂಪಾಯಿಗೆ ಇಳಿದು ಅಲ್ಲೇ ಕಾಲು ಚಾಚಿ ಮಲಗಿತ್ತು. ಎಷ್ಟೋ ದಿನ ಅಂಕಿಯೂ ಇರುತ್ತಿರಲಿಲ್ಲ, ಬರೀ ಒಂದು ಗೀಟು.

ಈಚೆಗೆ ಒಂದು ತಿಂಗಳಿಂದ ಮಾತ್ರ ಆ ಸಾಲಿಗೆ ಜೀವ ಬಂದಿತ್ತು. ಮೂರು ಇದ್ದದ್ದು ಒಂಬತ್ತಾಯಿತು, ಆಮೇಲೆ ಹದಿನೇಳಾಯಿತು. ಸಾವಿರದ ಒಂಬೈನೂರ ತೊಂಬತ್ತೆಂಟರ ಏಪ್ರಿಲ್ ತಿಂಗಳ ಎರಡನೇ ಶನಿವಾರ, ಅಂದರೆ ಸರ್ಕಾರಿ ನೌಕರರು ನಿಧಾನವಾಗಿ ಗಡ್ಡ ಹೆರೆಸಿಕೊಳ್ಳುವ ದಿನ, ಚಿತ್ರದುರ್ಗದ ಮುನಿಯಪ್ಪನ ಅಂಗಡಿಯ ಕುರ್ಚಿಯಲ್ಲಿ ಕುಳಿತು ಅವನು ಪುಟ ತೆರೆದ.

“ಮೂವತ್ತೊಂದು!” ಎಂದು ಕೂಗಿ ಎದ್ದು ನಿಂತ. ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುತ್ತಿದ್ದ ಮುನಿಯಪ್ಪನ ಕತ್ತಿ ಬರೀ ಗಾಳಿಯನ್ನು ಹೆರೆಯಿತು.

“ಏನ್ ಸಾರ್ ಮೂವತ್ತೊಂದು? ಇನ್ನೊಂದ್ ಕೆನ್ನೆ ಐತೆ, ಕುಂತ್ಕಳ್ರಿ!”

“ಅದು ಆಮ್ಯಾಲೆ!” ಎಂದ ಚಿತ್ರಲಿಂಗಪ್ಪ ಹೆಗಲ ಬಟ್ಟೆಯಿಂದ ನೊರೆ ಒರೆಸಿಕೊಳ್ಳುತ್ತ ಬೀದಿಗೆ ಬಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನಾಲ್ಕು ದಿನದ ಗಡ್ಡ.

ಅವನ ಅವಸರಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಮನೆಯ ಮಗ್ಗುಲಿಗೆ ಹತ್ತು ಹನ್ನೆರಡಡಿಯ ಒಂದು ರೂಮು ಕಟ್ಟಿಸುತ್ತಿದ್ದ. ಗೋಡೆ ಎದ್ದಿತ್ತು, ಮೇಲೆ ತಾರಸಿಯ ಮೋಲ್ಡ್ ಹಾಕಿಸಲು ಐದು ಸಾವಿರ ಕೂಡಿಟ್ಟಿದ್ದ. ಅಷ್ಟರಲ್ಲಿ ಭೂಮಿಪರ್ಣ ಕಂಪನಿಯ ಜಾಹೀರಾತು ಬಂತು. ಅಡಿಕೆ ಹಾಳೆ, ಜೋಳದ ಸಿಪ್ಪೆಯಿಂದ ತಟ್ಟೆ, ಡಬ್ಬಿ, ಪೊಟ್ಟಣ ಮಾಡುತ್ತಾರಂತೆ. ಬಿಸಾಡಿದರೆ ಮೂರೇ ತಿಂಗಳಲ್ಲಿ ಮಣ್ಣಾಗುತ್ತದಂತೆ. ಇನ್ನು ಮುಂದೆ ಪ್ಲಾಸ್ಟಿಕ್ ಮುಟ್ಟುವವರೇ ಇಲ್ಲವಂತೆ. ಮೋಲ್ಡಿನ ದುಡ್ಡು ಷೇರಿಗೆ ಹೋಯಿತು. ಭೂಮಿಪರ್ಣದಲ್ಲಿ ಹೇಳಿದ ಕಾಲಕ್ಕೆ ಸರಿಯಾಗಿ ಮಣ್ಣಾದದ್ದು ಅದೊಂದೇ.

ರೂಮು ಹಾಗೇ ಆಕಾಶ ನೋಡುತ್ತ ನಿಂತಿತು. ಬೀದಿಯವರು ಅದಕ್ಕೆ ‘ಷೇರು ರೂಮು’ ಎಂದು ಹೆಸರಿಟ್ಟರು. ಎದುರು ಮನೆಯ ನಿಂಗಕ್ಕ ಅದರೊಳಗೆ ಮೆಣಸಿನಕಾಯಿ ಒಣಗಿಸತೊಡಗಿದಳು. ಅವಮಾನ ತಾಳದೆ ಚಿತ್ರಲಿಂಗಪ್ಪ ಕಳೆದ ತಿಂಗಳು ಭೀಮಸಮುದ್ರಕ್ಕೆ ಹೋಗಿ ಒಂದು ಹೊರೆ ಅಡಿಕೆ ಹಾಳೆ ತಂದು ಮೇಲೆ ಹೊದಿಸಿದ್ದ. ಎಂಟೇ ದಿನಕ್ಕೆ ಗಾಳಿ ಅವನ್ನು ಹೊತ್ತುಕೊಂಡು ಹೋಯಿತು. ಹೆಂಡತಿ ಶೋಭಾರಾಣಿ ಅಂಗಳಕ್ಕೆ ಬಿದ್ದ ಒಂದೆರಡನ್ನು ಆರಿಸಿ ಒಲೆಗೆ ಹಾಕಿದಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋವಾಗಿತ್ತು.

ಈಗ ಷೇರಿಗೆ ಮೂವತ್ತೊಂದು. ಅವನ ಪಾಲಿನ ಐನೂರು ಷೇರಿಗೆ ಹದಿನೈದೂವರೆ ಸಾವಿರ. ಮೋಲ್ಡ್ ಹಾಕಿಸಿ, ಸುಣ್ಣ ಬಳಿಸಿ, ಹೆಂಡತಿಯ ಮುಖವನ್ನು ಧೈರ್ಯವಾಗಿ ನೋಡಬಹುದು.

ಷೇರು ಪತ್ರ ತರಲು ಮನೆಗೆ ಓಡಿದರೆ ಶೋಭಾರಾಣಿ ಸೀಮೆಎಣ್ಣೆಗೆಂದು ರೇಷನ್ ಅಂಗಡಿಗೆ ಹೋಗಿದ್ದಳು. ಸಿಕ್ಕವಳು ನಿಂಗಕ್ಕ.

“ಏನಪ್ಪ ಚಿತ್ರಲಿಂಗಪ್ಪ, ಮಖ ಅರ್ಧಕ್ಕೇ ಬಿಟ್ಟು ಬಂದೀಯಲ್ಲ? ಯಾರಿಗಾದ್ರೂ ಏನಾದ್ರೂ ಆತಾ?”

“ಏನೂ ಇಲ್ಲಕ್ಕ, ಎಲ್ರೂ ಚೆನ್ನಾಗವ್ರೆ.”

“ಸುಳ್ಳು ಹೇಳಬ್ಯಾಡ. ಯಾರ್ ಹೋದ್ರು ಹೇಳು, ನಾನೂ ಬರ್ತೀನಿ.”

ಅವಳು ಸೆರಗು ಕಣ್ಣಿಗೊತ್ತಿಕೊಂಡು ದನಿ ಎತ್ತುವುದರೊಳಗೆ ನಿಜ ಹೇಳದೆ ಗತಿಯಿರಲಿಲ್ಲ. “ಷೇರು ಮೂವತ್ತೊಂದಾಗೈತಕ್ಕ. ಮಾರಾಕೆ ಹೊಂಟೀನಿ. ದಮ್ಮಯ್ಯ, ಯಾರಿಗೂ ಹೇಳಬ್ಯಾಡ.”

“ನಾನ್ಯಾಕೆ ಹೇಳ್ಲಿ?” ಎಂದ ನಿಂಗಕ್ಕ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಷೇರು ಏಜೆಂಟ್ ರಾಜಕುಮಾರನ ಕಚೇರಿ ಬೇಕರಿಯೊಂದರ ಮಹಡಿಯಲ್ಲಿತ್ತು. ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವನು ಹೇಳಿದ, “ಒಳ್ಳೆ ಟೈಮಿಗೆ ಬಂದ್ರಿ. ದಾವಣಗೆರೆ ಕಡೇದು ಯಾವ್ದೋ ದೊಡ್ಡ ಪಾರ್ಟಿ ತಗಳಾಕತ್ತೈತೆ. ಎಷ್ಟ್ ಬಂದ್ರೂ ಬೇಕಂತೆ. ನಾನು ಸಂಜೆ ಆರರ ಬಸ್ಸಿಗೆ ಬೆಂಗಳೂರಿಗೆ ಹೋಗ್ತೀನಿ, ಸೋಮವಾರ ಮಾರಿಬಿಡ್ತೀನಿ. ಆದ್ರೆ ಈ ವರ್ಗಾವಣೆ ಫಾರಂಗೆ ಇಬ್ರದೂ ಸೈ ಬೇಕಲ್ಲ. ಮೊದ್ಲನೇ ಹೆಸ್ರು ದುರುಗಣ್ಣಂದು ಐತೆ.”

ಚಿತ್ರಲಿಂಗಪ್ಪನ ಉತ್ಸಾಹ ಅಲ್ಲೇ ಕುಸಿಯಿತು. ದುರುಗಣ್ಣ ಅದೇ ಇಲಾಖೆಯವನು, ಒಂದು ಕಾಲದಲ್ಲಿ ಜೀವದ ಗೆಳೆಯ. ಕಡಿಮೆಯೆಂದರೆ ಸಾವಿರ ಷೇರು ಕೊಳ್ಳಬೇಕಿದ್ದರಿಂದ ಇಬ್ಬರೂ ಐದೈದು ಸಾವಿರ ಹಾಕಿ ಜಂಟಿಯಾಗಿ ಕೊಂಡಿದ್ದರು. ಹೆಸರು ಮೊದಲು ಅವನದು, ಪತ್ರ ಇರುವುದು ಇವನಲ್ಲಿ. ಎರಡನೇ ವರ್ಷ ಕಂಪನಿಯವರು ಲಾಭಾಂಶದ ಬದಲು ಷೇರುದಾರರಿಗೆ ಒಂದೊಂದು ಡಜನ್ ಹಾಳೆ ತಟ್ಟೆ ಕಳಿಸಿದರು. ಜಂಟಿ ಷೇರಾದ್ದರಿಂದ ಬಂದದ್ದು ಒಂದೇ ಡಜನ್, ಅದೂ ದುರುಗಣ್ಣನ ವಿಳಾಸಕ್ಕೆ. ಅವನು ಅತ್ತೆ ಮಾವ ಬಂದಾಗ ಹನ್ನೆರಡರಲ್ಲೂ ಊಟ ಹಾಕಿಸಿದ. ಇವನು ಹೋಗಿ “ನನ್ನ ಆರು ಎಲ್ಲಿ?” ಅಂದ. “ತಿಪ್ಪೆಗೆ ಹಾಕೀನಿ, ಮಣ್ಣಾಗೋಕೆ ಮುಂಚೆ ಆರಿಸ್ಕ,” ಅಂದ ಅವನು. ಅಂದಿನಿಂದ ಮಾತಿಲ್ಲ. ಆಮೇಲೆ ದುರುಗಣ್ಣನಿಗೆ ಭರಮಸಾಗರಕ್ಕೆ ವರ್ಗವಾಯಿತು.

ಆರು ತಟ್ಟೆಯ ಅಭಿಮಾನ ದೊಡ್ಡದೋ ಹತ್ತು ಹನ್ನೆರಡಡಿಯ ಮೋಲ್ಡ್ ದೊಡ್ಡದೋ ಎಂದು ಬಸ್ ನಿಲ್ದಾಣದವರೆಗೆ ಯೋಚಿಸಿದ. ಮೋಲ್ಡೇ ಗೆದ್ದಿತು. ಹನ್ನೊಂದರ ಪ್ರೈವೇಟ್ ಬಸ್ಸು ಹತ್ತಿದ. ಕಂಡಕ್ಟರು ಇವನ ಮುಖದ ಎರಡು ಬದಿಯನ್ನೂ ನೋಡಿ, “ಒಬ್ರೇನಾ ಸಾರ್?” ಎಂದು ಕೇಳಿದ.

ಭರಮಸಾಗರದಲ್ಲಿ ಬಾಗಿಲು ತೆರೆದವಳು ದುರುಗಣ್ಣನ ಹೆಂಡತಿ ಶಾಂತಿ. “ಅಯ್ಯೋ ಅಣ್ಣಾ, ನೀವಾ! ಬರ್ರಿ, ಬರ್ರಿ. ನಮ್ಮೋರು ನಿಮ್ಮನೆಗೇ ಅಂತ ಹತ್ತರ ಬಸ್ಸಿಗೆ ಹೋದ್ರಲ್ಲ!”

“ನಮ್ಮನೆಗಾ? ಯಾಕೆ?”

“ನಂಗೇನ್ ಹೇಳ್ತಾರಣ್ಣ? ಚೀಲ ಹಿಡ್ಕಂಡು ಹೋದ್ರು. ಎರಡು ವರ್ಷ ಆದ್ಮ್ಯಾಲೆ ಮನೆಗೆ ಬಂದೀರಿ, ಮುದ್ದೆ ಉಣ್ಣದೆ ಹೋಗಂಗಿಲ್ಲ.”

ಸಂಧಾನಕ್ಕೆ ಬಂದವನು ಮುದ್ದೆ ಬೇಡವೆನ್ನುವುದು ಹೇಗೆ? ಶಾಂತಿ ಎಸರಿಟ್ಟಳು, ಮುದ್ದೆ ತೊಳಸಿದಳು, ಅವರೆಬೇಳೆ ಸಾರು ಬಡಿಸಿದಳು. ಎರಡನೇ ಮುದ್ದೆ ಹಾಕುತ್ತ, “ಕೆನ್ನೆಗೆ ಏನಾಗೈತಣ್ಣ, ಹುಳುಕಡ್ಡಿನಾ? ನಮ್ಮೂರಾಗೆ ಔಸ್ದಿ ಕೊಡೋರು ಅವ್ರೆ,” ಅಂದಳು. ಅವನು ಕೈ ತೊಳೆಯುವ ಹೊತ್ತಿಗೆ ಬಸ್ಸು ಹೋಗಿತ್ತು. ಕೊನೆಗೆ ಮೆಕ್ಕೆಜೋಳದ ಲಾರಿಯೊಂದರ ಮೂಟೆಗಳ ಮೇಲೆ ಕುಳಿತು, ತೌಡು ಧೂಳು ಮೆತ್ತಿಸಿಕೊಂಡು ಊರಿಗೆ ಬಂದಾಗ ನಾಲ್ಕು ಗಂಟೆ. ಗಡ್ಡವಿದ್ದ ಕೆನ್ನೆಗೆ ಧೂಳು ಚೆನ್ನಾಗಿ ಹಿಡಿದಿತ್ತು.

ಮನೆಯ ಮುಂದೆ ಜಾತ್ರೆಯಂಥ ಜನ. ಷೇರು ರೂಮಿನ ಗೋಡೆಗಳ ಮೇಲೆ ಮೇಸ್ತ್ರಿ ಕಾಟಪ್ಪ ಸೆಂಟ್ರಿಂಗ್ ಹಲಗೆ ಜೋಡಿಸಿ ದಬದಬ ಮೊಳೆ ಹೊಡೆಯುತ್ತಿದ್ದ. ಕೆಳಗೆ ನಿಂಗಕ್ಕ ಮೆಣಸಿನಕಾಯಿಯನ್ನೆಲ್ಲ ಮೊರಕ್ಕೆ ಬಳಿದುಕೊಂಡು, “ಆ ಮೂಲೆ ಸ್ವಲ್ಪ ತಗ್ಗೈತೆ ನೋಡೋ,” ಎಂದು ಉಸ್ತುವಾರಿ ಮಾಡುತ್ತಿದ್ದಳು.

“ರೀ, ನಂಗೊಂದ್ ಮಾತು ಹೇಳಬಾರ್ದಾ?” ಎಂದು ಶೋಭಾರಾಣಿ ಓಡಿ ಬಂದಳು. ಅವಳ ಮುಖ ನೋಡಿ ಚಿತ್ರಲಿಂಗಪ್ಪನಿಗೆ ಎದೆ ತುಂಬಿ ಬಂತು. ಮದುವೆಯಾದ ಹೊಸದರಲ್ಲಿ ಅವಳು ಹೀಗೆ ನಕ್ಕಿದ್ದಳು. “ನಿಂಗಕ್ಕ ಹೇಳಿದ್ಲು. ಕಾಟಪ್ಪಗೆ ಇವತ್ತು ಬಿಡುವಿತ್ತು, ಕರೆಸಿಬಿಟ್ಟೆ. ಸೋಮವಾರ ಸಿಮೆಂಟು ಬರ್ತೈತೆ. ಒಳಗೆ ದುರುಗಣ್ಣೋರು ಹನ್ನೊಂದು ಗಂಟೆಯಿಂದ ಕುಂತವ್ರೆ.”

ನಡುಮನೆಯ ಕುರ್ಚಿಯಲ್ಲಿ ದುರುಗಣ್ಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಇಬ್ಬರೂ ಎರಡು ವರ್ಷದ ಮೇಲೆ ಮುಖ ನೋಡಿಕೊಂಡರು.

“ಏನಲೇ ಇದು, ಅರ್ಧ ಗಡ್ಡ?” ಅಂದ ದುರುಗಣ್ಣ.

“ಜಂಟಿ ಐತೆ,” ಅಂದ ಚಿತ್ರಲಿಂಗಪ್ಪ. ಇಬ್ಬರಿಗೂ ನಗು ಬಂತು, ಇಬ್ಬರೂ ತಡೆದುಕೊಂಡರು.

ದುರುಗಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಸುತ್ತಿ ಬಳಸಿ ಮಾತು ಬ್ಯಾಡ. ನಿನ್ನ ಐನೂರು ನಂಗೆ ಕೊಡು. ಪೇಟೆ ರೇಟೇ ಹಿಡಿ, ಹದಿನೈದು ಸಾವಿರದ ಐನೂರು. ಪಿ.ಎಫ್. ಸಾಲ ತೆಗ್ದು ತಂದೀನಿ.” ಚೀಲದ ಬಾಯಿ ಬಿಚ್ಚಿದ. ಒಳಗೆ ಹೊಸ ನೋಟಿನ ಕಟ್ಟುಗಳಿದ್ದವು.

ಚಿತ್ರಲಿಂಗಪ್ಪನಿಗೆ ಕುಣಿಯಬೇಕೆನಿಸಿತು. ಏಜೆಂಟ್ ಬೇಡ, ಬೆಂಗಳೂರು ಬೇಡ, ಸೋಮವಾರದವರೆಗೆ ಕಾಯುವುದೂ ಬೇಡ. ಆದರೂ ಬಾಯಿ ಸುಮ್ಮನಿರಲಿಲ್ಲ. “ನಿಂಗ್ಯಾಕೆ ಇಷ್ಟು ಆಸೆ ಹುಟ್ತು?”

“ನನ್ನ ಹತ್ರ ಮುಚ್ಚಿಡಬ್ಯಾಡ. ಹೋದ ತಿಂಗಳು ಭೀಮಸಮುದ್ರದಾಗೆ ನಿನ್ನ ಕಣ್ಣಾರೆ ನೋಡೀನಿ. ಹಾಳೆ ಬಗ್ಗಿಸಿ ನೋಡ್ತಿದ್ದೆ, ಉದ್ದ ಅಗಲ ಅಳೀತಿದ್ದೆ, ಚೀಟಿ ಮ್ಯಾಲೆ ಬರ್ಕಂತಿದ್ದೆ. ಭೂಮಿಪರ್ಣದೋರು ಇಲ್ಲೇ ಫ್ಯಾಕ್ಟ್ರಿ ಹಾಕ್ತಾರೆ, ಹಾಳೆ ಖರೀದಿಗೆ ನಿನ್ನ ಇಟ್ಕಂಡಾರೆ ಅಂತ ಆಗ್ಲೇ ತಿಳ್ಕಂಡೆ. ಅವತ್ತಿಂದ ದಾವಣಗೆರೆ ಏಜೆಂಟ್ ಕಡೆಯಿಂದ ಸಿಕ್ಕಷ್ಟು ತಗಳ್ತಾ ಇದೀನಿ. ಮಾರೋರೇ ಇಲ್ಲ ಕಣಲೇ, ಕೇಳಿದಂಗೆಲ್ಲ ರೇಟು ಏರ್ತೈತೆ.”

ದಾವಣಗೆರೆ ಕಡೆಯ ದೊಡ್ಡ ಪಾರ್ಟಿ ಹರಿದ ಚಪ್ಪಲಿ ಹಾಕಿಕೊಂಡು ಎದುರಿಗೇ ಕುಳಿತಿತ್ತು.

ಹೊರಗೆ ಕಾಟಪ್ಪನ ಸುತ್ತಿಗೆಯ ಸದ್ದು. ಬಾಗಿಲಲ್ಲಿ ಶೋಭಾರಾಣಿ ಟೀ ಲೋಟ ಹಿಡಿದು ನಿಂತಿದ್ದಳು. ಒಂದು ಸೈ ಹಾಕಿ ಚೀಲ ತೆಗೆದುಕೊಂಡರೆ ಸಾಕಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಚಿತ್ರಲಿಂಗಪ್ಪ ಎಷ್ಟೋ ಪ್ರಯತ್ನಪಟ್ಟ. ಆದರೆ ಶಾಂತಿ ಬಡಿಸಿದ ಎರಡನೇ ಮುದ್ದೆ ಸುಮ್ಮನಿರಗೊಡಲಿಲ್ಲ.

“ದುರುಗಾ, ಆ ಹಾಳೆ ಕಂಪನಿಗಲ್ಲ ಕಣೋ. ನನ್ನ ಈ ರೂಮಿಗೆ ಹೊದಿಸಾಕೆ ತಂದಿದ್ದೆ. ಎಂಟು ದಿನಕ್ಕೆ ಹಾರಿ ಹೋದ್ವು.”

ದುರುಗಣ್ಣ ಸುತ್ತಿಗೆಯ ಸದ್ದು ಬರುತ್ತಿದ್ದ ಕಡೆ ತಿರುಗಿ ನೋಡಿದ.

“ಅಂಗಾದ್ರೆ ಮೂವತ್ತೊಂದು?”

“ನೀನೇ ಏರ್ಸಿದ್ದು. ನೀನು ನಿಲ್ಸಿದ್ರೆ ಮತ್ತೆ ಮೂರು.”

ದುರುಗಣ್ಣ ಚೀಲದ ಬಾಯಿ ಕಟ್ಟಿದ. ಈಗಾಗಲೇ ಕೊಂಡಿದ್ದ ನಾನೂರು ಷೇರಿನ ಕತೆ ನೆನೆದು ಒಮ್ಮೆ ಹಣೆ ಚಚ್ಚಿಕೊಂಡ. ಆಮೇಲೆ ಗೆಳೆಯನ ಭುಜ ಹಿಡಿದು, “ಹೇಳದೆ ಇದ್ದಿದ್ರೆ ನಿನ್ನ ಮೋಲ್ಡ್ ಆಗ್ತಿತ್ತಲ್ಲೋ,” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಚಿತ್ರಲಿಂಗಪ್ಪನದೂ ಆಗಿತ್ತು, ಆದರೆ ಅವನು ಹೆಂಡತಿಯ ಕಡೆ ನೋಡಲಾರದೆ ಹೊರಗೆ ಹೋಗಿ ಕಾಟಪ್ಪನನ್ನು ಕೂಗಿದ.

“ಇಳಿಯಪ್ಪ. ದುಡ್ಡು ಬರಲ್ಲ. ಹಲಗೆ ಬಿಚ್ಚು.”

ಕಾಟಪ್ಪ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದ. ತಲೆ ಕೆರೆದುಕೊಂಡ. “ಸಾರ್, ದುಡ್ಡು ಬ್ಯಾಡ ಬಿಡ್ರಿ. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ನಂದೇ. ಮೋಲ್ಡ್ ಹಾಕ್ಕೊಡ್ತೀನಿ. ನಿಮ್ಮ ಐನೂರು ಷೇರು ನನ್ನ ಹೆಸ್ರಿಗೆ ಮಾಡಿಬಿಡ್ರಿ.”

“ಬ್ಯಾಡ ಕಾಟಪ್ಪ. ಅದು ಮೂರು ರೂಪಾಯಿ ಬಾಳಲ್ಲ. ನಿಂಗೆ ಮೋಸ ಆಗ್ತೈತೆ.”

ಕಾಟಪ್ಪ ಎಲ್ಲ ಬಲ್ಲವನಂತೆ ನಕ್ಕ. “ಇರೋರು ಹಿಂಗೇ ಅಂತಾರೆ ಬಿಡ್ರಿ. ದೊಡ್ಡ ಪಾರ್ಟಿ ಬಂದೈತೆ ಅಂತ ಏಜೆಂಟೇ ಹೇಳ್ಯಾನಂತೆ, ನೂರಕ್ಕೆ ಹೋಗ್ತೈತೆ ಅಂತ ಬೀದಿಯೆಲ್ಲ ಮಾತಾಡ್ತೈತೆ.”

ಬೆಳಿಗ್ಗೆ ತಾನು ನಿಂಗಕ್ಕನಿಗೆ ಹೇಳಿದ ಮೂವತ್ತೊಂದೇ ಬೀದಿಯಲ್ಲಿ ನೂರಾಗಿದೆಯೆಂದು ಚಿತ್ರಲಿಂಗಪ್ಪನಿಗೆ ಗೊತ್ತಿತ್ತು. ಪಾರ್ಟಿ ಯಾರೆಂದೂ ಗೊತ್ತಿತ್ತು. ಅಷ್ಟರಲ್ಲಿ ಪಾರ್ಟಿಯೇ ಬಂದು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆಯಿತು.

“ಲೇ, ಕಾಟಪ್ಪ ಚೆಕ್ ಕೊಟ್ರೂ ಮುಟ್ಟೋನಲ್ಲ. ಅಂಥೋನು ಸಿಮೆಂಟು ತಾನೇ ಹಾಕಿ ಷೇರು ಕೇಳ್ತಾನೆ ಅಂದ್ರೆ ಸುಮ್ನೆ ಅಲ್ಲ,” ಎಂದು ದುರುಗಣ್ಣ ಪಿಸುಗುಟ್ಟಿದ. “ಏನೋ ಐತೆ ಇದ್ರಾಗೆ. ನಾನಂತೂ ಸೈ ಹಾಕಲ್ಲ. ನೀನೂ ಕೊಡಬ್ಯಾಡ.”

“ಅಲ್ವಾ?” ಅಂದ ಚಿತ್ರಲಿಂಗಪ್ಪ. ಅನ್ನಬಾರದೆಂದುಕೊಂಡಿದ್ದ, ಅಂದುಬಿಟ್ಟ. ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿದ್ದ ಅದೇ ಆಸೆ ಮತ್ತೆ ಎದೆಯಲ್ಲಿ ಕಾಲೂರಿತ್ತು. ಕಾಟಪ್ಪನಿಗೆ ಮೋಸ ಮಾಡಲಿಲ್ಲವೆಂಬ ಸಮಾಧಾನವನ್ನೂ ಅದರ ಜೊತೆ ಸೇರಿಸಿಕೊಂಡ.

ಐದೂವರೆಗೆ ಕಾಟಪ್ಪ ಗೊಣಗುತ್ತ ಹಲಗೆ ಬಿಚ್ಚಿ ಗಾಡಿಗೆ ಹೇರಿದ. ಆರಕ್ಕೆ ರಾಜಕುಮಾರನ ಬಸ್ಸು ಹೊರಟಿರಬೇಕು. ದುರುಗಣ್ಣನೂ ಮುಂದಿನ ಭಾನುವಾರ ಶಾಂತಿಯನ್ನು ಕರೆದುಕೊಂಡು ಊಟಕ್ಕೆ ಬರುವುದಾಗಿ ಹೇಳಿ ಹೋದ. ಷೇರು ರೂಮಿನ ನಡುವೆ ಶೋಭಾರಾಣಿ ಒಬ್ಬಳೇ ನಿಂತು ಮೇಲೆ ನೋಡುತ್ತಿದ್ದಳು. ಬೈಗುಳಕ್ಕೆ ಸಿದ್ಧನಾಗಿ ಚಿತ್ರಲಿಂಗಪ್ಪ ಹತ್ತಿರ ಹೋಗಿ ತಲೆ ತಗ್ಗಿಸಿದ.

“ನೂರು ಆಗ್ತೈತಾ, ನಿಜ್ವಾಗ್ಲೂ?” ಎಂದು ಅವಳು ಮೆಲ್ಲಗೆ ಕೇಳಿದಳು.

“ದುರುಗ ಅಂಗಂತಾನೆ. ಕಾಟಪ್ಪನೂ ಅಂಗಂತಾನೆ.”

ಶೋಭಾರಾಣಿ ಗೋಡೆಯಿಂದ ಗೋಡೆಗೆ ಇರುವ ಆಕಾಶವನ್ನೆಲ್ಲ ಒಮ್ಮೆ ಕಣ್ಣಲ್ಲೇ ಅಳೆದಳು.

“ಅಂಗಾದ್ರೆ ಈಗ್ಲೇ ಮಾರಬ್ಯಾಡ್ರಿ,” ಅಂದಳು. “ನೂರಾದ್ರೆ ಇದ್ರ ಮ್ಯಾಲೆ ಇನ್ನೊಂದು ರೂಮು ಹಾಕ್ಸಬೋದು.”